ಕುರ್ಚಿಯ ಮೇಲಿನ ರುಮಾಲು

ಪುಣೆಯ ಬುಧವಾರಪೇಟೆಯ ಫೋಟೋ ಅಂಗಡಿಯ ಗಾಜಿನ ಹಿಂದೆ ನಿಂತಿದ್ದ ದೊಡ್ಡ ಮನುಷ್ಯ ತನ್ನ ಗಂಡನೇ ಎಂಬುದು ರಂಗೂಬಾಯಿಗೆ ಚಟ್ಟನೆ ಹೊಳೆಯಲಿಲ್ಲ. ಖರಾಡಿಯ ಕಲ್ಲುಖಣಿಯಿಂದ ಮೊಂಡು ಉಳಿಗಳ ಬುಟ್ಟಿ ಹೊತ್ತು ಬಂದು, ಕಮ್ಮಾರನಿಗೆ ಒಪ್ಪಿಸಿ, ಅವು ಚೂಪಾಗುವ ತನಕ ನೆರಳಿರಲಿ ಎಂದು ಆ ಅಂಗಡಿಯ ಕಟ್ಟೆ ಹಿಡಿದಿದ್ದಳು. ಫೋಟೋದಲ್ಲಿದ್ದವನಿಗೆ ಕರಿಯ ಕೋಟು, ಜರಿಯ ರುಮಾಲು, ಹೊಟ್ಟೆಯ ಮೇಲೆ ಗಡಿಯಾರದ ಸರಪಳಿ. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಆ ಕುರ್ಚಿ ಅವರಪ್ಪನ ಆಸ್ತಿ ಎಂಬಂತೆ. ಮುಖ ಮಾತ್ರ ಎಲ್ಲೋ ನೋಡಿದ್ದು. ಎಡ ಹುಬ್ಬಿನ ಮೇಲೆ ಕಲ್ಲುಚೂರು ಸಿಡಿದ ಗಾಯದ ಗುರುತು ಕಂಡಾಗ "ಅಯ್ಯ, ಇಂವಾ!" ಎಂಬ ಮಾತು ಬಾಯಿಂದ ಹೊರಟೇಹೋಯಿತು. ಆ ಗಾಯಕ್ಕೆ ಅರಿಸಿನ ಒತ್ತಿ ಹಿಡಿದು ರಕ್ತ ನಿಲ್ಲಿಸಿದವಳು ಅವಳೇ.

ಕನ್ನಡ ಕಿವಿಗೆ ಬಿದ್ದದ್ದೇ ಅಂಗಡಿಯ ದಿಗಂಬರರಾಯರು ಹೊರಗೆ ಬಂದರು. ಧಾರವಾಡದವರು. ಹಗಲೆಲ್ಲ ಮರಾಠಿ ಆಡಿ ಆಡಿ ಬೇಸತ್ತವರು. ತಮ್ಮ ಮಾತಿನವರು ಒಬ್ಬರು ಸಿಕ್ಕರೆ ಸಾಕು, ಕೇಳಿದ್ದು ಕೇಳದ್ದು ಎಲ್ಲ ಹೇಳಿಬಿಡುತ್ತಿದ್ದರು.

"ಯಾವ ಊರವಾ ನಿಂದು?"

"ಬಾದಾಮಿ ಕಡೆಯವ್ರರಿ. ಈ ಫೋಟೋದಾಗಿನವ್ರು ಯಾರ್‍ರಿ?"

"ಶಿವರಾವ್ ಕಂತ್ರಾಟದಾರ್‍ರು. ಖಡಕಿ ದಂಡಿನ ಹೊಸ ಬರಾಕಿಗೆ ಕಲ್ಲು ಹಾಕ್ತಾರಲಾ, ಅವರು. ಹೆಣ್ಣಿನವರಿಗೆ ತೋರಿಸ್ಲಿಕ್ಕೆ ಅಂತ ತಗಿಸ್ಯಾರ. ಪಾಪ, ಮೊದಲನೇ ಹೆಂಡತಿ ತೀರಿಕೊಂಡಾಳಂತ. ಖಣಿಯೊಳಗ ಕಲ್ಲು ಬಿದ್ದು ಹೋದಳು ಅಂತ ಹೇಳೂವಾಗ ಕಣ್ಣಾಗ ನೀರು ತಂದಿದ್ರು. ಈಗ ಖಡಕಿಯ ಪ್ರಲ್ಹಾದಪ್ಪ ಸಾವಕಾರ್‍ರು ಮಗಳನ್ನ ಕೊಡಲಿಕ್ಕೆ ಒಪ್ಯಾರ. ಬರೂ ಸೋಮವಾರ ಇವರ ಶುಕ್ರವಾರಪೇಟಿ ಮನ್ಯಾಗ ನಿಶ್ಚಯದ ವೀಳ್ಯ."

ತಾನು ಯಾರೊಡನೆ ಮಾತಾಡುತ್ತಿದ್ದೇನೆ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಸತ್ತವಳ ಎದುರಿಗೇ ನಿಂತು ಸತ್ತವಳಿಗಾಗಿ ಲೊಚಗುಟ್ಟಿದರು. ರಂಗೂಬಾಯಿ ಗಾಜಿನ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ಅಳು ಬರಲಿಲ್ಲ. ಸವತಿಯನ್ನು ತರುತ್ತೇನೆ ಎಂದಿದ್ದರೆ ಅತ್ತು, ಜಗಳಾಡಿ, ಎರಡು ದಿನ ಉಪವಾಸ ಬಿದ್ದು, ಕೊನೆಗೆ ತಡೆದುಕೊಳ್ಳುತ್ತಿದ್ದಳೋ ಏನೋ. ಎಷ್ಟು ಮನೆಗಳಲ್ಲಿ ಇಬ್ಬರು ಹೆಂಡಿರಿಲ್ಲ? ಆದರೆ ಪ್ರಲ್ಹಾದಪ್ಪ ಮಗಳನ್ನು ಸವತಿಯ ಮೇಲೆ ಕೊಡುವವನಲ್ಲ. ಅದಕ್ಕೆ ಇವನು ಬದುಕಿದ್ದವಳನ್ನೇ ಕೊಂದು ದಾರಿ ಚೊಕ್ಕಟ ಮಾಡಿಕೊಂಡಿದ್ದ. ಅದೂ ಕಲ್ಲು ಬೀಳಿಸಿ!

ಆ ಕಲ್ಲು ಬಿದ್ದದ್ದು ನಿಜ. ಖಡಕಿಯ ಮೊದಲ ಕಂತ್ರಾಟು ಸಿಕ್ಕಿದ ವರ್ಷ ಅದು. ಆಳು ಸಾಲದು, ಮಳೆಗೆ ಮೊದಲೇ ಗಾಡಿ ತುಂಬಬೇಕು ಎಂದು ಬಸುರಿ ಹೆಂಡತಿಯ ತಲೆಯ ಮೇಲೂ ಬುಟ್ಟಿ ಹೊರಿಸಿದ್ದ. ರಾಶಿಯಿಂದ ಜಾರಿದ ಕಲ್ಲು ಅವಳನ್ನು ಕೆಡವಿತು. ಅವಳು ಬದುಕಿದಳು, ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಗಂಡುಕೂಸು ಎಂದು ಸೂಲಗಿತ್ತಿ ಹೇಳಿದಳು. ಆಮೇಲೆ ಜೇಜುರಿಯ ಮೈಲಾರನಿಗೆ ಭಂಡಾರ ಎರಚಿ ಬೇಡಿಕೊಂಡರೂ ಬಸಿರು ನಿಲ್ಲಲಿಲ್ಲ. ಕಂತ್ರಾಟು ಮಾತ್ರ ಗಟ್ಟಿಯಾಗಿ ನಿಂತಿತು. ಶಿವಪ್ಪ ಹೋಗಿ ಶಿವರಾವ್ ಆದ. ಶುಕ್ರವಾರಪೇಟೆಯಲ್ಲಿ ಮನೆ ಮಾಡಿದ. ನನ್ನನ್ನೂ ಕರೆದುಕೋ ಎಂದಾಗ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಿಂಗ ಮೊಳಕಾಲ ಮಟ ಸೀರಿ ಎತ್ತಿ ಕಟಗೊಂಡು ಅಲ್ಲಿ ಬಂದರ ಮಂದಿ ನಗ್ತಾರ. ಸ್ವಲ್ಪ ತಡಿ" ಎಂದಿದ್ದ. ಕಚ್ಚೆ ಪುಣೆಯ ಶಾಸ್ತ್ರಿಗಳ ಮನೆಯ ಹೆಂಗಸರೂ ಹಾಕುತ್ತಾರೆ. ಅವರದು ಹಿಮ್ಮಡಿ ಮುಟ್ಟುತ್ತದೆ, ಇವಳದು ಮೊಳಕಾಲಿನ ಮೇಲೆಯೇ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸಕ್ಕೆ ಅವಳು ಖಣಿಯ ಗುಡಿಸಲಿನಲ್ಲಿಯೇ ಉಳಿದಿದ್ದಳು. ಹಾಗೆ ಎತ್ತಿ ಕಟ್ಟದೆ ಕಲ್ಲಿನ ಬುಟ್ಟಿ ಹೊತ್ತು ಖಣಿಯ ಏರು ಹತ್ತುವುದು ಹೇಗೆ ಎಂದು ಆ ದೊಡ್ಡ ಮನುಷ್ಯನನ್ನು ಕೇಳಬೇಕಿತ್ತು.

ಏಳಲು ಹೊರಟವಳ ಕಣ್ಣಿಗೆ ಗಂಡನ ಪಕ್ಕದ ಇನ್ನೊಂದು ಫೋಟೋ ಬಿತ್ತು. ಅದರಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಬಳಿಯ ಕುರ್ಚಿಯಲ್ಲಿ ಯಾರೂ ಇಲ್ಲ. ಒಂದು ಕಂಬಳಿ, ರುಮಾಲು, ಕುರಿ ಕಾಯುವ ಕೋಲು, ಹೂವಿನ ಸರ ಇಷ್ಟೇ.

"ಇದೇನ್ರಿ, ಮನಶಾ ಇಲ್ಲದ ಕುರ್ಚಿ?"

"ಅದಾ? ನಮ್ಮ ಬಡವರು ಬದುಕಿದ್ದಾಗ ಫೋಟೋ ಎಲ್ಲಿ ತಗಸ್ತಾರವಾ? ಸತ್ತ ಮ್ಯಾಲೆ ನೆನಪಾಗ್ತದ. ಆಗ ಸತ್ತವರು ದುಡೀಲಿಕ್ಕೆ ಹಾಕ್ಕೋತಿದ್ದ ಅರಿವಿ ತರ್ತಾರ. ಕುರ್ಚಿ ಮ್ಯಾಲಿಟ್ಟು ಮಗ್ಗಲಕ್ಕ ನಿಂತು ತಗಸ್ತಾರ. ದಂಡಿನ ಸಾಹೇಬರು ಇಂಥಾ ಹಳ್ಳಿ ಉಡಿಗಿ ಫೋಟೋ ಹುಡುಕ್ಕೊಂಡು ಬರ್ತಾರ. ಅದಕ್ಕ ನಾ ದುಡ್ಡು ತಗೊಳ್ಳೂದಿಲ್ಲ, ಒಂದು ಪ್ರತಿ ನಾನೂ ಇಟ್ಕೋತೀನಿ."

ಉಳಿಗಳನ್ನು ಬುಟ್ಟಿಗೆ ಹಾಕಿಕೊಂಡು ಯರವಡಾ ಸೇತುವೆ ದಾಟಿ ಖರಾಡಿಯ ಹಾದಿ ಹಿಡಿದಾಗ ರಂಗೂಬಾಯಿಯ ಮನಸ್ಸು ಗಟ್ಟಿಯಾಗಿತ್ತು. ನಾನು ಸತ್ತಿದ್ದರೆ ನನ್ನ ಗಂಡನೂ ಸತ್ತ. ಬೇಕಾದರೆ ಆ ಕೋಟಿನವನು ಬದುಕಿಕೊಳ್ಳಲಿ, ನನ್ನ ಕುತ್ತಿಗೆಗೆ ತಾಳಿ ಕಟ್ಟಿದವನು ಕೋಟಿನವನಲ್ಲ. ಅವನ ಹೆಣ ಎತ್ತಿಸಿಯೇ ಸೈ ಎಂದುಕೊಂಡಳು.

ಮರುದಿನ ಗುಡಿಸಲಿನ ಪೆಟ್ಟಿಗೆ ತೆಗೆದಳು. ಶಿವಪ್ಪ ಅಲ್ಲಿಯೇ ಬಿಟ್ಟುಹೋಗಿದ್ದ ಬಟ್ಟೆ ಒಂದೂ ಕಳೆದಿರಲಿಲ್ಲ. ಹೆಗಲ ಮೇಲೆ ತೇಪೆ ಹಾಕಿದ ದಪ್ಪ ಬಟ್ಟೆಯ ಅಂಗಿ, ಮೊಳಕಾಲಿಗೆ ಬರುವ ಗಿಡ್ಡ ಧೋತರ, ಬಣ್ಣಗೆಟ್ಟ ಕೆಂಪು ರುಮಾಲು. ಹಿಡಿ ಸವೆದ ಸುತ್ತಿಗೆ ಮೂಲೆಯಲ್ಲಿತ್ತು. ಎಲ್ಲವನ್ನೂ ಗಂಟು ಕಟ್ಟಿಕೊಂಡು ಮತ್ತೆ ಬುಧವಾರಪೇಟೆಗೆ ನಡೆದಳು.

"ನಿನ್ನ ಗಂಡನೂ ಹೋದನೇನವಾ?" ಎಂದು ದಿಗಂಬರರಾಯರು ನೊಂದುಕೊಂಡರು.

"ನಿನ್ನೆ ತಿಳೀತ್ರಿ" ಎಂದಳು ರಂಗೂಬಾಯಿ. ಸುಳ್ಳೇನೂ ಹೇಳಿದಂತಾಗಲಿಲ್ಲ ಎಂದು ಅವಳಿಗೇ ಅನಿಸಿತು.

ಅಂಗಡಿಯ ಮಹಡಿಯ ಮೇಲೆ ಗಾಜಿನ ಸೂರು, ಅದರಡಿ ಅರಮನೆಯ ಕಂಬ ಬರೆದ ಪರದೆ. ರಾಯರು ಒಳ್ಳೆಯ ಮನಸ್ಸಿನಿಂದ ತಮ್ಮ ಪೆಟ್ಟಿಗೆಯ ಸೀರೆಯೊಂದನ್ನು ತೋರಿಸಿ, "ಇದನ್ನ ಉಟ್ಟುಕೋತೀಯೇನು? ಫೋಟೋದಾಗ ಛಂದ ಕಾಣ್ತದ" ಎಂದರು.

"ಬ್ಯಾಡ್ರಿ. ಅಂವಗ ಗೊತ್ತಿದ್ದದ್ದು ಇದ ಉಡಿಗಿ" ಎಂದು ಅವಳು ಕಚ್ಚೆಯನ್ನು ಇನ್ನಷ್ಟು ಬಿಗಿದು, ಮೊಳಕಾಲು ಕಾಣುವಂತೆ ಎತ್ತಿ ಸಿಕ್ಕಿಸಿದಳು. ಕುರ್ಚಿಯ ಬೆನ್ನಿಗೆ ಅಂಗಿ ತೊಡಿಸಿದಳು. ಧೋತರವನ್ನು ಮಡಿಚಿ ಕೂರುವ ಜಾಗದಲ್ಲಿಟ್ಟಳು. ರುಮಾಲನ್ನು ತನ್ನ ಮೊಳಕಾಲಿಗೆ ಸುತ್ತಿ ಸುತ್ತಿ ಕಟ್ಟಿ, ಗಂಟು ಸಡಿಲಾಗದಂತೆ ತೆಗೆದು ಧೋತರದ ಮೇಲಿಟ್ಟಳು. ಖಣಿಯ ದಿನಗಳಲ್ಲಿ ಪ್ರತಿ ಮುಂಜಾನೆ ಅವನಿಗೆ ಹೀಗೆಯೇ ಕಟ್ಟಿಕೊಡುತ್ತಿದ್ದಳು. ಕೈಗೆ ಆ ಕೆಲಸ ಮರೆತಿರಲಿಲ್ಲ. ಅದಕ್ಕಾಗಿ ಕೈಯ ಮೇಲೆಯೇ ಸಿಟ್ಟು ಬಂತು. ಹಣೆಯ ಕುಂಕುಮ ಅಳಿಸಲಿಲ್ಲ. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡಳು. ಚೆಂಡುಹೂವಿನ ಸರ ಹಾಕಿ ಪಕ್ಕದಲ್ಲಿ ನಿಂತಳು.

"ಅಳ್ಳಾಡಬ್ಯಾಡ, ಕಣ್ಣು ಮಿಟುಕಿಸಬ್ಯಾಡ" ಎಂದು ರಾಯರು ಕರಿ ಬಟ್ಟೆಯೊಳಗೆ ತಲೆ ತೂರಿಸಿದರು. ದುಃಖದಿಂದ ಬರುವವರು ಇದೇ ಹೊತ್ತಿಗೆ ಬಿಕ್ಕಿ ಫೋಟೋ ಕೆಡಿಸುತ್ತಾರೆ. ರಂಗೂಬಾಯಿ ಕಂಬದಂತೆ ನಿಂತಳು. ಸಿಟ್ಟು ಅವಳನ್ನು ಅಲುಗಾಡಲು ಬಿಡಲಿಲ್ಲ.

ಪ್ರತಿ ಕೈಗೆ ಬಂದಾಗ ಕೆಂಪು ರುಮಾಲು ಫೋಟೋದಲ್ಲಿ ಕಪ್ಪಗೆ ಮೂಡಿತ್ತು. ಕೆಳಗೆ "ಶಿವಪ್ಪ, ಖರಾಡಿ ಖಣಿ" ಎಂದು ರಾಯರು ಚಂದವಾಗಿ ಬರೆದಿದ್ದರು. ತಮ್ಮ ಗಿರಾಕಿ ಶಿವರಾವ್ ಕಂತ್ರಾಟದಾರನ ನೆನಪು ಅವರಿಗೆ ಎಲ್ಲಿಂದ ಬರಬೇಕು? ತಮ್ಮ ಪ್ರತಿಯನ್ನು ಶಿವರಾವ್‌ನ ಪಕ್ಕದಲ್ಲಿಯೇ ಗಾಜಿನೊಳಗೆ ಇಟ್ಟರು.

ರಂಗೂಬಾಯಿ ತನ್ನ ಪ್ರತಿಯನ್ನು ಗುಡಿಸಲ ಬಾಗಿಲಿಗೆ ಎದುರಾಗಿ ನಿಲ್ಲಿಸಿ, ದೀಪ ಹಚ್ಚಿ ಕೂತಳು. ನೀರು ಕೇಳಲು ಬಂದ, ಖಣಿಯ ಆಳುಗಳ ಮುಕಾದಮ ಬಾಳು ಮೊದಲು ನೋಡಿದ. ಶಿವಪ್ಪ ಉಳಿ ಹಿಡಿಯಲು ಕಲಿತದ್ದು ಈ ಮುದುಕನ ಕೈಯಲ್ಲಿ. ಫೋಟೋ ನೋಡಿ ಅವನ ಮೋರೆ ಇಳಿದುಹೋಯಿತು.

"ಯವ್ವಾ, ಯಾವಾಗ?"

"ಪುಣೆದಾಗ ಆತು. ನನಗೂ ಯಾರೂ ಹೇಳಿ ಕಳಸಲಿಲ್ಲ. ಫೋಟೋ ಅಂಗಡ್ಯಾಗ ತಿಳೀತು."

ಶಿವಪ್ಪ ಖಣಿಯ ಕಡೆ ತಲೆ ಹಾಕದೆ ತಿಂಗಳುಗಳಾಗಿದ್ದವು. ಯಾರಿಗೂ ಅನುಮಾನ ಬರಲಿಲ್ಲ. ಸುತ್ತಿಗೆಗಳು ನಿಂತವು, ಹೆಂಗಸರು ಎದೆ ಬಡಿದುಕೊಂಡರು. ಎಷ್ಟಾದರೂ ಒಂದೇ ಮಣ್ಣಿನಿಂದ ಬಂದ ಜನ. ಶಿವಪ್ಪ ದೊಡ್ಡವನಾದ ಮೇಲೆ ಅವರನ್ನು ಮರೆತಿದ್ದರೂ ಅವರು ಅವನನ್ನು ಮರೆತಿರಲಿಲ್ಲ. ಬಾಳು ಬಿಕ್ಕುವುದನ್ನು ನೋಡಿ ರಂಗೂಬಾಯಿಗೆ ಒಳಗೊಳಗೇ ಹಿಂಸೆಯಾಯಿತು. ಎಲ್ಲ ಹೇಳಿಬಿಡಲೇ ಎಂದು ಬಾಯಿ ತೆರೆದವಳು, ಕಲ್ಲು ಬಿದ್ದು ಸತ್ತಳಂತೆ ಎಂಬ ಮಾತು ನೆನಪಾಗಿ ಮುಚ್ಚಿಕೊಂಡಳು.

"ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ. ಬುತ್ತಿ ಒಯ್ಯಬೇಕು" ಎಂದ ಬಾಳು.

"ಸೋಮವಾರ ಅವನ ಪ್ಯಾಟಿ ಮನಿಗೆ ಹೋಗೂಣು. ಅವತ್ತ ಎಲ್ಲಾರೂ ಸೇರ್ತಾರ" ಎಂದಳು ರಂಗೂಬಾಯಿ.

ಸೋಮವಾರ ಶುಕ್ರವಾರಪೇಟೆಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ತಟ್ಟೆಗಳಲ್ಲಿ ಸಕ್ಕರೆ, ತೆಂಗಿನಕಾಯಿ, ಕುಪ್ಪಸದ ಖಣ. ಪ್ರಲ್ಹಾದಪ್ಪ ತಕ್ಕೆದಿಂಬಿಗೆ ಒರಗಿ ಮನೆಯ ತೊಲೆಗಳನ್ನು ಲೆಕ್ಕ ಹಾಕುತ್ತಿದ್ದರು. ಒಳಗೆ ಹೆಂಗಸರ ನಡುವೆ ಇಂದೂ ಎಂಬ ಅವರ ಮಗಳು ತಲೆ ತಗ್ಗಿಸಿ ಕೂತಿದ್ದಳು. ಶಿವಪ್ಪ ರೇಷ್ಮೆ ಅಂಚಿನ ಧೋತರ ಸರಿಮಾಡಿಕೊಳ್ಳುತ್ತ ಎಲ್ಲರಿಗೂ ಅಡಿಕೆ ಕೊಡುತ್ತಿದ್ದ. ಅಷ್ಟರಲ್ಲಿ ಓಣಿಯ ತುದಿಯಿಂದ ಗೋಳಾಟ ಕೇಳಿಬಂತು. "ಯಾರದೋ ಹೆಣಾ ಹೊಂಟದ, ಬಾಗಿಲಾ ಮುಂದ ಮಾಡ್ರಿ" ಎಂದು ಶಿವಪ್ಪನೇ ಹೇಳಿದ.

ಬಾಗಿಲು ಮುಚ್ಚಲು ಆಗಲಿಲ್ಲ. ಖಣಿಯ ಜನ ಹೊಸ್ತಿಲಿಗೆ ಬಂದಿದ್ದರು. ಗಂಡಸರು ತಲೆಯ ಮೇಲೆ ಟವೆಲು ಹೊದ್ದಿದ್ದರು. ಹೆಂಗಸರು ಕಚ್ಚೆ ಎತ್ತಿ ಕಟ್ಟಿದ್ದರು, ಕಾಲಿಗೆಲ್ಲ ಕಲ್ಲಿನ ಹುಡಿ, ತಲೆಯ ಮೇಲೆ ಜೋಳದ ರೊಟ್ಟಿಯ ಬುಟ್ಟಿ. "ನಮ್ಮ ಶಿವಪ್ಪನ್ನ ಕಳಕೊಂಡೆವಲ್ರೋ!" ಎಂದು ಹಾಡಿಕೊಂಡು ಅಳುತ್ತ ಒಳಗೆ ಬಂದವರು ಅಡಿಕೆ ತಟ್ಟೆ ಹಿಡಿದು ನಿಂತ ಶಿವಪ್ಪನನ್ನು ಕಂಡು ಕಕ್ಕಾಬಿಕ್ಕಿಯಾದರು. ಒಬ್ಬಳು ಬುಟ್ಟಿ ಬಿಟ್ಟು ಹಿಂದಕ್ಕೆ ಹಾರಿದಳು. ಬಾಳು ಮಾತ್ರ ಹತ್ತಿರ ಹೋಗಿ ಅವನ ಕಾಲು ನೆಲಕ್ಕೆ ತಾಗಿದೆಯೇ ಎಂದು ಬಗ್ಗಿ ನೋಡಿದ.

"ಏನಿದು ಅಪಶಕುನ?" ಎಂದು ಪ್ರಲ್ಹಾದಪ್ಪ ಎದ್ದು ನಿಂತರು. "ಯಾರು ಸತ್ತಾರ ಇಲ್ಲೆ?"

"ನಾನ್ರಿ" ಎಂದು ರಂಗೂಬಾಯಿ ಮುಂದೆ ಬಂದು ಸೆರಗು ಹಿಂದಕ್ಕೆ ಸರಿಸಿದಳು. ಕಾಸಿನಗಲದ ಕುಂಕುಮ ಎಲ್ಲರಿಗೂ ಕಂಡಿತು. "ಕಲ್ಲ ಬಿದ್ದು ಸತ್ತಾಕಿ ನಾನು. ನಾ ಸತ್ತ ಮ್ಯಾಲೆ ನನ್ನ ಗಂಡನೂ ಸಾಯ್ಬೇಕಲ್ರಿ? ಅದಕ್ಕ ಬುತ್ತಿ ತಂದೇವಿ."

ಪ್ರಲ್ಹಾದಪ್ಪ ಬಾಳುವಿನ ಕಡೆ ತಿರುಗಿದರು. "ಯಾರೋ ಈಕಿ?"

"ಇವರ ಹೇಣ್ತಿರಿ" ಎಂದ ಬಾಳು, ಇನ್ನೂ ಶಿವಪ್ಪನ ಕಾಲುಗಳನ್ನೇ ನೋಡುತ್ತ.

ಶಿವಪ್ಪ ಏನೇನೋ ಹೇಳಿದ. ಹುಚ್ಚಿ ಎಂದ, ಆಳುಮಗಳು ಎಂದ, ಕೊನೆಗೆ ಯಾರೋ ಕಲಿಸಿ ಕಳಿಸಿದ್ದಾರೆ ಎಂದ. ಪ್ರಲ್ಹಾದಪ್ಪ ಒಳಗೆ ಕೂಗಿ ಮಗಳನ್ನು ಎಬ್ಬಿಸಿದರು. ಇಂದೂ ಹೊಸ್ತಿಲು ದಾಟುವಾಗ ಒಂದು ಗಳಿಗೆ ನಿಂತು ರಂಗೂಬಾಯಿಯ ಮುಖ ನೋಡಿ, ಅಪ್ಪನ ಹಿಂದೆ ಹೋದಳು. ಗಾಡಿಗಳು ಖಡಕಿಯ ಕಡೆ ಹೊರಳಿದವು. ಓಣಿಯ ಮಾಳಿಗೆಗಳ ಮೇಲೆಲ್ಲ ಜನ ನಿಂತಿದ್ದರು. ರಂಗೂಬಾಯಿಗೆ ತಂಪೆನಿಸಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ.

ಖಣಿಯ ಜನ ಸುತ್ತಿಗೆ ಎತ್ತಲು ಒಪ್ಪಲಿಲ್ಲ. ರಂಗೂಬಾಯಿ ತಮ್ಮನ್ನೂ ಸುಳ್ಳೇ ಅಳುವಂತೆ ಮಾಡಿದಳಲ್ಲ ಎಂದು ಬಾಳು ಒಂದು ದಿನ ಮಾತು ಬಿಟ್ಟ. ಶಿವಪ್ಪ ಹೇಳಿದ್ದ ಸುಳ್ಳು ಪೂರಾ ತಿಳಿದ ಮೇಲೆ ಅವನ ಸಿಟ್ಟು ದಿಕ್ಕು ಬದಲಿಸಿತು. ಅವರಲ್ಲಿ ಒಂದು ಕಟ್ಟಳೆ ಇತ್ತು. ಸತ್ತನೆಂದು ಅತ್ತು ಬುತ್ತಿ ಇಳಿಸಿದ ಮೇಲೆ ಅವನು ಬದುಕಿ ಬಂದರೂ ಸುಮ್ಮನೆ ಬಂದಂತಲ್ಲ. ದುಡಿಯುವ ಬಟ್ಟೆ ತೊಟ್ಟು ಹತ್ತು ಜನರ ಮುಂದೆ ಕೂರಬೇಕು. ಹೆಂಡತಿ ಇವನೇ ನನ್ನ ಗಂಡ ಎಂದು ಒಪ್ಪಿ ರೊಟ್ಟಿ ಕೊಡಬೇಕು. ಅವನು ತಿಂದರೆ ಬದುಕಿದ. ಆ ರೊಟ್ಟಿ ಬೇರೆಯವರು ತಿಂದರೆ ಅವನು ಹೋದಂತೆಯೇ, ಮುಂದೆ ಅವನ ಕೆಲಸಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಇತ್ತ ಲೋಹಗಾಂವದ ಖಣಿಯವರು ಎಲ್ಲರನ್ನೂ ಕೆಲಸಕ್ಕೆ ಕರೆಯುತ್ತಿದ್ದರು. ಅತ್ತ ಕಲ್ಲು ಎಲ್ಲಿ ಎಂದು ದಂಡಿನ ಸಾಹೇಬ ಶಿವಪ್ಪನನ್ನು ದಿನಾ ನಿಲ್ಲಿಸಿ ಬೈಯುತ್ತಿದ್ದ.

ಕೊನೆಗೆ ಶಿವಪ್ಪ ಗುಡಿಸಲಿಗೆ ಬಂದ. ಬೈದ, ಬೆದರಿಸಿದ, ಆಮೇಲೆ ಅಲ್ಲಿಯೇ ಕುಕ್ಕರಿಸಿ ಕೂತ. "ಏನ ಮಾಡಬೇಕು ಹೇಳು."

"ಫೋಟೋದಾಗ ಸತ್ತಿ. ಫೋಟೋದಾಗ ಬದುಕು" ಎಂದಳು ರಂಗೂಬಾಯಿ.

ಹಾಗೆ ಅವರೆಲ್ಲ ಬುಧವಾರಪೇಟೆಗೆ ಬಂದರು. ಬಾಳು ಮತ್ತು ಖಣಿಯ ಜನ ಮಹಡಿಯ ಬಾಗಿಲಲ್ಲಿ ಒತ್ತಾಗಿ ನಿಂತರು. ಯಾವ ಗಿರಾಕಿ ಯಾರೆಂದು ಈಗ ತಿಳಿದ ದಿಗಂಬರರಾಯರು ಬೆವರು ಒರೆಸಿಕೊಳ್ಳುತ್ತ ಪರದೆ ಸರಿಸಿದರು. ಶಿವಪ್ಪ ಕೋಟು ಕಳಚಿ ತೇಪೆಯ ಅಂಗಿ ತೊಟ್ಟ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಗಿಡ್ಡ ಧೋತರದ ಕೆಳಗೆ ಬಿಸಿಲು ಕಾಣದ ಬಿಳಿ ಕಾಲುಗಳು ನಾಚಿಕೆಗೆಟ್ಟು ಹೊರಗೆ ಬಂದವು. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅವನಿಗೆ ರುಮಾಲು ಕಟ್ಟಿಕೊಳ್ಳುವುದೂ ಮರೆತುಹೋಗಿತ್ತು. ಕುರ್ಚಿಯಲ್ಲಿ ಕೂರಿಸಿ ರಂಗೂಬಾಯಿಯೇ ಕಟ್ಟಬೇಕಾಯಿತು.

ಕಟ್ಟಿ ಹಿಂದೆ ಸರಿದು ನೋಡಿದಳು. ರುಮಾಲಿನ ಕೆಳಗೆ ಕೂತಿದ್ದವನು ಅವಳ ಶಿವಪ್ಪನೇ. ಸಂಜೆ ಅವಳ ತಲೆಯ ಬುಟ್ಟಿ ಇಳಿಸಿಕೊಂಡು, ಸಿಂಬೆ ಉಜ್ಜಿ ಉಜ್ಜಿ ಕೂದಲು ಸವೆದ ನೆತ್ತಿಗೆ ಎಣ್ಣೆ ತಿಕ್ಕುತ್ತಿದ್ದವನು. ಇವನಿಗಾಗಿ ಅವಳು ಎಷ್ಟು ದಿನ ಕಾದಿದ್ದಳು!

"ರಂಗೀ, ತಪ್ಪಾತು" ಎಂದ ಅವನು ಅವಳಿಗಷ್ಟೇ ಕೇಳುವಂತೆ. "ಮನಿಗೆ ಬಾ. ಹಿಂಗ ಕಚ್ಚಿ ಕಟಗೊಂಡ ಬಾ. ಯಾರ ನಗ್ತಾರೋ ನಗಲಿ."

ಕೇಳಬೇಕೆಂದು ಅವಳು ಹಾತೊರೆದಿದ್ದ ಮಾತು ಅದೇ. ಕಣ್ಣು ತುಂಬಿ ಬಂತು. ರೊಟ್ಟಿಯ ಗಂಟಿನ ಮೇಲೆ ಕೈ ಹೋಯಿತು. ಅವನು ಅದನ್ನು ನೋಡಿದ. ನೋಡಿದ್ದೇ ಅವನ ಮುಖ ಸಡಿಲಾಯಿತು, ಬಾಗಿಲ ಕಡೆ ಕಣ್ಣು ಹೊರಳಿಸಿ, "ಲಗೂನ ಕೊಡು. ನಾಳೆ ಗಾಡಿ ತುಂಬಿಸಬೇಕು" ಎಂದ.

ಗಾಡಿ ತುಂಬಿಸಬೇಕು. ಅಂದೂ ಇದೇ ಮಾತು ಹೇಳಿ ಅವಳ ತಲೆಗೆ ಬುಟ್ಟಿ ಎತ್ತಿದ್ದ. ರಂಗೂಬಾಯಿಯ ಕಣ್ಣೀರು ಅಲ್ಲಿಯೇ ಇಂಗಿತು.

ದಿಗಂಬರರಾಯರು ಕರಿ ಬಟ್ಟೆ ಎತ್ತಿ ಕೇಳಿದರು: "ಎಲ್ಲಾರಿಗೂ ಕೇಳೂ ಹಂಗ ಹೇಳಿಬಿಡವಾ. ಇವರು ನಿನಗ ಏನಾಗಬೇಕು?"

"ಇಂವ ಯಾರೋ ನನಗ ಗೊತ್ತಿಲ್ಲರಿ" ಎಂದಳು ರಂಗೂಬಾಯಿ. "ನನ್ನ ಗಂಡನ ಅರಿವಿ ಹಾಕ್ಕೊಂಡಾನ."

ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. ಕುಂಕುಮ ಹುಬ್ಬಿನ ತನಕ ಹರಡಿತು, ಮತ್ತೊಮ್ಮೆ ಒತ್ತಿ ಒರೆಸಿದಳು. ಶಿವಪ್ಪ ಏಳಲು ಹೋದ. ಅಂಗಿ ಬಗಲಲ್ಲಿ ಚರ್‍ರೆಂದು ಹರಿಯಿತು, ಅವನು ಮತ್ತೆ ಕೂತ. ಅವಳು ಬಾಗಿಲಿಗೆ ಬಂದು ಗಂಟು ಬಿಚ್ಚಿ, ರೊಟ್ಟಿ ಮುರಿದು, ಮೊದಲ ತುಂಡು ಬಾಳುವಿನ ಮುಂದೆ ಹಿಡಿದಳು. ಮುದುಕ ಒಳಗೆ ಕುರ್ಚಿಯ ಕಡೆ ಒಮ್ಮೆ ನೋಡಿದ, ಅವಳ ಬರಿ ಹಣೆಯನ್ನೊಮ್ಮೆ ನೋಡಿದ. ಆಮೇಲೆ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ತುಂಡನ್ನು ಇಸಿದುಕೊಂಡು ತಿಂದ. ಉಳಿದವರೂ ಒಬ್ಬೊಬ್ಬರಾಗಿ ಕೈ ಚಾಚಿದರು.